ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ದಾರಿ: ಬಸ್ಸಿನವರಿಗೆ ಹೇಳಿ ಮಾಡಿಸಿದ್ದು

ಕಾರಿದ್ದವರಿಗೆ ಈ ದಾರಿ ಅಷ್ಟಾಗಿ ಒಗ್ಗುವುದಿಲ್ಲ. ಬಾದಾಮಿಯ ಕೆರೆಯ ಹಿಂದೆ ಗುಡ್ಡ ಹತ್ತಿ, ಆಚೆ ಕಡೆ ಚಾಲುಕ್ಯರ ಹಳೆಯ ಗುಡಿಗಳಿರುವ ಮಹಾಕೂಟದಲ್ಲಿ ಇಳಿಯುವ ಹಳೆಯ ಕಾಲುದಾರಿ ಇದು. ಹೆಚ್ಚು ಕಡಿಮೆ 5 ಕಿಲೋಮೀಟರ್. ಹತ್ತುವುದು ಒಂದು ಊರಲ್ಲಿ, ಇಳಿಯುವುದು ಇನ್ನೊಂದು ಊರಲ್ಲಿ. ಕಾರು ತಂದವರು ಅದನ್ನು ಬಾದಾಮಿಯಲ್ಲಿ ಬಿಟ್ಟು ಬಂದಿರುತ್ತಾರೆ. ಮಹಾಕೂಟ ತಲುಪಿದ ಮೇಲೆ ಅದಕ್ಕಾಗಿ ಮತ್ತೆ ಬಾದಾಮಿಗೇ ಹೋಗಬೇಕು. ಬಸ್ಸಿನಲ್ಲಿ ಬಂದವರಿಗೆ ಹಿಂದೆ ಏನೂ ಉಳಿದಿರುವುದಿಲ್ಲ. ಹೆಗಲ ಮೇಲೆ ಬುತ್ತಿ ಗಂಟು, ಕೈಯಲ್ಲಿ ನೀರಿನ ಬಾಟಲಿ, ಅಷ್ಟೇ. ಇಳಿದಲ್ಲಿಂದ ಸಿಕ್ಕ ಗಾಡಿ ಹತ್ತಿ ಮನೆಗೆ ಬರಬಹುದು.

ನಾನು ಬಾಗಲಕೋಟೆ ನವನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮದುವೆ ಸೀಸನ್ ಮುಗಿದ ಮೇಲೆ ಒಂದು ಭಾನುವಾರ ಮಷಿನ್‌ಗೆ ಬಟ್ಟೆ ಹೊದಿಸಿ ಹೊರಟೆ. ಜೊತೆಗೆ ಅಕ್ಕ, ವೈನಿ (ಅತ್ತಿಗೆ), ಪಕ್ಕದ ಮನೆಯ ಬಿ.ಎಸ್ಸಿ. ಓದುವ ಹುಡುಗಿ, ಮತ್ತೆ ಅಕ್ಕನ 10 ವರ್ಷದ ಮಗ. ನಮ್ಮಲ್ಲಿ ಯಾರಿಗೂ ಚಾರಣದ ಅಭ್ಯಾಸ ಇಲ್ಲ. ಅಕ್ಕನಿಗೆ ಮೊಣಕಾಲು ನೋವು ಬೇರೆ. ಆದರೂ ಐದೂ ಜನ ನಗುತ್ತಾ ಹೋಗಿ ನಗುತ್ತಾ ಬಂದೆವು. ನಮ್ಮಂಥ ಹೆಣ್ಣುಮಕ್ಕಳಿಗೆ ಉಪಯೋಗ ಆಗಲಿ ಅಂತಲೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹುಡುಗರು ಗುಡ್ಡ ಹತ್ತಬೇಕು ಅಂದರೆ ಮಲೆನಾಡಿಗೆ ಹೋಗುತ್ತಾರೆ. ಟೆಂಪೋ ಟ್ರಾವೆಲರ್, ರಾತ್ರಿ ಪ್ರಯಾಣ, ಒಬ್ಬರಿಗೆ ಸಾವಿರಾರು ರೂಪಾಯಿ. ಹೋಗಲಿ, ಆ ಗುಡ್ಡಗಳೂ ಚೆಂದವೇ. ಆದರೆ ನಮ್ಮ ಜಿಲ್ಲೆಯ ಕೆಂಪು ಕಲ್ಲಿನ ಗುಡ್ಡಗಳಿಗೆ ಬರಲು ವಿದೇಶದವರು ಹಗ್ಗ, ಬೂಟು ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಬಾದಾಮಿಯ ಬಂಡೆ ಹತ್ತುವುದು ಅಂದರೆ ಆ ಆಟದವರಲ್ಲಿ ದೊಡ್ಡ ಹೆಸರು. ನಾವು ಬಸ್ಸಿನ ಕಿಟಕಿಯಿಂದ ನೋಡಿ ಸುಮ್ನೆ ಮುಂದೆ ಹೋಗುತ್ತೇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಮೊದಲು ಬಸ್ಸಿನ ಬಗ್ಗೆ. ಬಾಗಲಕೋಟೆಯಿಂದ ಬಾದಾಮಿಗೆ ಕೆರೂರು ಮೇಲೆ ಹೋಗುವ ಬಸ್ಸೂ ಇವೆ, ಗುಳೇದಗುಡ್ಡದ ಮೇಲೆ ಹೋಗುವ ಬಸ್ಸೂ ಇವೆ. ಯಾವುದಾದರೂ ಸರಿ, ಬೆಳಗ್ಗೆ ಬೇಗ ಹೊರಡುವುದನ್ನು ಹಿಡಿಯಿರಿ. ಬಿಸಿಲು ಏರುವ ಮೊದಲು ಗುಡ್ಡದ ಮೇಲಿರಬೇಕು, ಅದೇ ಮುಖ್ಯ. ನಾವು ಇನ್ನೂ ಕತ್ತಲು ಇರುವಾಗಲೇ ಮನೆ ಬಿಟ್ಟೆವು. ಸಿಕ್ಕಿದ್ದು ಗುಳೇದಗುಡ್ಡದ ಮೇಲೆ ಹೋಗುವ ವಾಯವ್ಯ ಸಾರಿಗೆಯ ಸಾದಾ ಬಸ್ಸು. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅಂದಿನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಎರಡೂ ಫ್ರೀ. ಕಂಡಕ್ಟರ್ ನಮ್ಮ ನಾಲ್ವರ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ದುಡ್ಡು ಕೊಟ್ಟಿದ್ದು ಹುಡುಗನ ಅರ್ಧ ಟಿಕೆಟ್‌ಗೆ ಮಾತ್ರ. ಅವನು ಅದನ್ನು ದಿನವಿಡೀ ಜೇಬಿನಲ್ಲಿ ಜೋಪಾನ ಮಾಡಿದ.

"ಬೂಟು ಹಾಕ್ಕೊಂಡು ಎಲ್ಲಿಗೆ ಹೊಂಟೀರಿ ಯಕ್ಕಾರ?" ಅಂತ ಕಂಡಕ್ಟರ್ ಕೇಳಿದರು.

"ಗುಡ್ಡದ ಮ್ಯಾಗಿಂದ ಮಹಾಕೂಟಕ್ಕ ನಡಕೋಂತ ಹೋಗ್ತೀವ್ರಿ" ಅಂದಳು ವೈನಿ.

"ಹಂಗಾರ ನೀರು ಜಾಸ್ತಿ ಇಟಗೋರಿ. ಮ್ಯಾಲೆ ಹನಿ ನೀರು ಸಿಗೂದಿಲ್ಲ" ಅಂದರು ಅವರು. ಈ ಒಂದು ಮಾತು ಇಡೀ ದಿನ ನಮ್ಮ ಕೈ ಹಿಡಿಯಿತು. ಬಾದಾಮಿಯಲ್ಲಿ ಇಳಿದ ಕೂಡಲೇ ಇನ್ನೂ ಎರಡು ಬಾಟಲಿ ತೆಗೆದುಕೊಂಡೆವು. ಒಬ್ಬರಿಗೆ ಎರಡು ಲೀಟರ್ ಬೇಕೇ ಬೇಕು.

ವಿಜಯಪುರದವರಿಗೆ ರೈಲು ಒಳ್ಳೆಯದು. ಸೊಲ್ಲಾಪುರ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಗಾಡಿಗಳು ವಿಜಯಪುರ, ಬಾಗಲಕೋಟೆ ದಾಟಿ ಬಾದಾಮಿಗೆ ಬರುತ್ತವೆ. ಒಂದೇ ತೊಂದರೆ, ಬಾದಾಮಿ ಸ್ಟೇಷನ್ ಊರೊಳಗೆ ಇಲ್ಲ. ಊರಿಗೆ ಸುಮಾರು 5 ಕಿಲೋಮೀಟರ್ ಆಗುತ್ತದೆ. ಅಲ್ಲಿಂದ ಟಂಟಂ ಆಟೋ ಹಿಡಿಯಬೇಕು. ಗಾಡಿಯ ಸಮಯ ಹೊರಡುವ ಹಿಂದಿನ ದಿನವೇ ನೋಡಿಕೊಳ್ಳಿ. ಬೆಳಗಾವಿಯವರು ಒಂದೇ ದಿನದಲ್ಲಿ ಬಂದು ಹೋಗುವುದು ಕಷ್ಟ. ರಾತ್ರಿ ಬಾದಾಮಿಯಲ್ಲೇ ಉಳಿದು ಬೆಳಗ್ಗೆ ಹತ್ತಿದರೆ ಆರಾಮ.

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲ್‌ನಲ್ಲಿ ನಾಷ್ಟಾ ಆಯಿತು. ಪೂರಿ ಬಿಸಿ ಇತ್ತು, ಆದರೆ ಎಣ್ಣೆ ಹಳೆಯದು. ವಾಸನೆಯಲ್ಲೇ ಗೊತ್ತಾಗುತ್ತದೆ. ಗುಡ್ಡ ಹತ್ತುವ ದಿನ ಹೊಟ್ಟೆಗೆ ಕರಿದದ್ದು ಹಾಕುವುದೇ ಬೇಡ. ಪಕ್ಕದಲ್ಲೇ ತಳ್ಳುಗಾಡಿಯಲ್ಲಿ ಒಬ್ಬ ಅಣ್ಣ ಒಗ್ಗರಣೆ ಅವಲಕ್ಕಿ ಮಾರುತ್ತಿದ್ದ. ಮೇಲೆ ಹಸಿ ಉಳ್ಳಾಗಡ್ಡಿ, ನಿಂಬೆಹಣ್ಣು. ಅಕ್ಕ ಅದನ್ನೇ ತಿಂದಳು. ನಮಗಿಂತ ಹಗುರಾಗಿ ಗುಡ್ಡ ಹತ್ತಿದವಳೂ ಅವಳೇ.

ಇಲ್ಲೇ ಒಂದು ಎಚ್ಚರಿಕೆ. ಸ್ಟ್ಯಾಂಡ್ ಹೊರಗೆ ಒಬ್ಬ ಟಂಟಂನವನು ನಮ್ಮ ಬೆನ್ನು ಹತ್ತಿದ. ಮಹಾಕೂಟಕ್ಕೆ ಹೋಗಿ ಬರಲು ಏಳುನೂರು ರೂಪಾಯಿ ಅಂದ. ನಡೆದು ಹೋಗುತ್ತೇವೆ ಅಂದದ್ದಕ್ಕೆ, "ಆ ದಾರಿ ಬಂದ್ ಆಗಿ ಭಾಳ ದಿನಾ ಆತ್ರಿ, ಹೆಣ್ಮಕ್ಳು ಹೋಗೂ ಜಾಗಾ ಅಲ್ಲದು" ಅಂತ ಹೆದರಿಸಿದ. ದಾರಿ ಬಂದ್ ಆಗಿರಲಿಲ್ಲ. ಬಾಡಿಗೆ ಕೇಳುವುದು ಅವನ ಹೊಟ್ಟೆಪಾಡು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸುಳ್ಳು ಹೇಳಿ ಹೆಣ್ಣುಮಕ್ಕಳ ಮನಸ್ಸಲ್ಲಿ ಭಯ ಹಾಕುವುದು ತಪ್ಪು. ಎಷ್ಟೋ ಜನ ಇಂಥ ಮಾತಿಗೆ ಅಲ್ಲಿಂದಲೇ ತಿರುಗಿ ಹೋಗಿರುತ್ತಾರೆ. ದಾರಿಯ ಬಗ್ಗೆ ಕೇಳಬೇಕಾದ್ದು ಕೆರೆಯ ಹತ್ತಿರ ಬಟ್ಟೆ ಒಗೆಯುವ ಹೆಂಗಸರನ್ನು, ಕುರಿ ಮೇಯಿಸುವವರನ್ನು. ಅವರು ಸರಿಯಾಗಿ ಹೇಳುತ್ತಾರೆ.

ಸ್ಟ್ಯಾಂಡ್‌ನಿಂದ ಹಳೇ ಊರಿನ ಸಣ್ಣ ಓಣಿಗಳಲ್ಲಿ ನಡೆದರೆ ಅಗಸ್ತ್ಯ ತೀರ್ಥದ ಕೆರೆ ಸಿಗುತ್ತದೆ. ಮನೆ ಮುಂದೆ ಸಾರಿಸಿ ರಂಗೋಲಿ ಹಾಕುತ್ತಿದ್ದರು. ಓಣಿ ಮುಗಿದು ಕೆರೆ ಕಂಡಾಗ ಹುಡುಗ "ಅಬ್ಬಾ" ಅಂದ. ಎರಡೂ ಕಡೆ ಕೆಂಪು ಬಂಡೆ, ನಡುವೆ ಹಸಿರು ನೀರು, ಆಚೆ ದಂಡೆಯಲ್ಲಿ ಭೂತನಾಥ ಗುಡಿ. ಉತ್ತರದ ಬಂಡೆಯ ಕೋಟೆಯನ್ನು ಚಾಲುಕ್ಯರ ಒಂದನೇ ಪುಲಕೇಶಿ ಕಟ್ಟಿಸಿದ್ದು. ಅದನ್ನು ಹೇಳುವ ಶಾಸನ ಅಲ್ಲಿನ ಕಲ್ಲಿನ ಮೇಲೇ ಇದೆ. ಶಕ ವರ್ಷ 465, ಅಂದರೆ 543. ಇಲ್ಲಿಂದಲೇ ಅವರು ಕರ್ನಾಟಕ ಆಳಿದ್ದು.

ನನ್ನ ಸಲಹೆ ಕೇಳಿ, ನಡೆಯುವ ದಿನ ಗುಹೆಗಳನ್ನು ಸೇರಿಸಿಕೊಳ್ಳಬೇಡಿ. ನಾಲ್ಕು ಗುಹೆ ಸರಿಯಾಗಿ ನೋಡಲು ಅರ್ಧ ದಿನ ಬೇಕು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತದೆ. ಗುಹೆಗಳಿಗೆ ಇನ್ನೊಂದು ದಿನ ಬನ್ನಿ, ಬಸ್ಸಂತೂ ಇದ್ದೇ ಇದೆ. ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ನೀವು ಗುಡ್ಡದ ಮೇಲಿರುತ್ತೀರಿ, ಅದನ್ನೂ ಆವತ್ತಿಗೆ ಇಟ್ಟುಕೊಳ್ಳಿ. ಶುಕ್ರವಾರ ಅದಕ್ಕೆ ರಜೆ. ನಾಗನಾಥಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿ ಶಿಲ್ಪ ಅಲ್ಲಿದೆ, ತಪ್ಪದೆ ನೋಡಿ.

ಮಂಗಗಳ ಕಾಟ ಕೆರೆಯ ಸುತ್ತ ಇದೆ. ಪ್ಲಾಸ್ಟಿಕ್ ಚೀಲ ಕಂಡರೆ ಅವು ಬಿಡುವುದಿಲ್ಲ. ನಾನು ಉಳಿದ ಕಣದ (ಕುಪ್ಪಸದ ಬಟ್ಟೆ) ತುಂಡುಗಳಿಂದ ಐದು ಹೆಗಲ ಚೀಲ ಹೊಲಿದಿದ್ದೆ. ಬಾಯಿಗೆ ಲಾಡಿ, ಒಳಗೆ ಎರಡು ಜೇಬು. ಒಂದು ಮಂಗವೂ ಹತ್ತಿರ ಬರಲಿಲ್ಲ. ಬಾಳೆಹಣ್ಣು ಮಾತ್ರ ಕೈಯಲ್ಲಿ ಹಿಡಿಯಬೇಡಿ.

ಭೂತನಾಥ ಗುಡಿ ದಾಟಿ ತಟ್ಟುಕೋಟೆಯ ಕಡೆ ಹೋದರೆ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ಇದೆ. ಈ ದಾರಿಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಸುಮಾರು 700ರ ಕಾಲದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಬಹಳ ಹಳೆಯ ತ್ರಿಪದಿ ಇದರಲ್ಲಿದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಬರುತ್ತದೆ. ಒಳ್ಳೆಯವರಿಗೆ ಒಳ್ಳೆಯವನು, ಪ್ರೀತಿಗೆ ಪ್ರೀತಿ ಕೊಡುವವನು. ಮುಂದೆ, ಕಾಡಲು ಬಂದವರಿಗೆ ಇವನು ಬಿಡುವವನಲ್ಲ ಅನ್ನುವ ಮಾತು. ಬಿ.ಎಸ್ಸಿ. ಹುಡುಗಿ ಫೋನಿನಲ್ಲಿ ಸಾಲುಗಳನ್ನು ಇಟ್ಟುಕೊಂಡು ಬಂದಿದ್ದಳು. ಅವಳು ಗಟ್ಟಿಯಾಗಿ ಓದುತ್ತಿದ್ದಂತೆ ವೈನಿಯ ತಲೆ ತಾನಾಗಿ ಆಡತೊಡಗಿತು.

"ಇದು ನಮ್ಮವ್ವ ಬೀಸುವಾಗ ಹಾಡೂ ಧಾಟಿ ಐತಲ್ಲ" ಅಂದಳು.

ಹೌದು, ಅದೇ ತ್ರಿಪದಿ. ನಮ್ಮ ಅಜ್ಜಿಯರು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದೆಲ್ಲ ಇದೇ ಮೂರು ಸಾಲಿನ ಲೆಕ್ಕದಲ್ಲಿ. ಅವರಲ್ಲಿ ಬಹಳ ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸಾವಿರದ ಮುನ್ನೂರು ವರ್ಷದ ಹಿಂದೆ ಬಂಡೆಗೆ ಕೆತ್ತಿದ ಧಾಟಿ ಅವರ ಬಾಯಲ್ಲಿ ಹಾಗೇ ಇತ್ತು. ವೈನಿ ಅಲ್ಲಿ ನಿಂತು ತನ್ನ ಅವ್ವನ ಎರಡು ಪದ ಹಾಡಿದಳು. ನಾವು ಯಾರೂ ಮಾತಾಡಲಿಲ್ಲ. ಇಷ್ಟು ದೊಡ್ಡ ವಿಷಯ ನಮ್ಮೂರಿಂದ ಬಸ್ಸಲ್ಲಿ ಒಂದೂವರೆ ಗಂಟೆ ದೂರದಲ್ಲಿದೆ. ಶಾಲೆಯ ಮಕ್ಕಳನ್ನು ಪ್ರತಿ ವರ್ಷ ಇಲ್ಲಿಗೆ ಕರೆತಂದು ಓದಿಸಬೇಕು ಅಂತ ನನಗೆ ಬಲವಾಗಿ ಅನಿಸಿತು.

ಅಲ್ಲೇ ಹತ್ತಿರ ಅರಳಿ ತೀರ್ಥ. ಬಂಡೆಯೇ ಬಾಗಿ ಸೂರು ಆಗಿದೆ, ಕೆಳಗೆ ಕಲ್ಲಲ್ಲಿ ಕೆತ್ತಿದ ದೇವರುಗಳು. ತಂಪಾಗಿರುತ್ತದೆ. ಚಹಾದ ಫ್ಲಾಸ್ಕ್ ತೆರೆಯಲು ಇದಕ್ಕಿಂತ ಒಳ್ಳೆಯ ಜಾಗ ಮುಂದೆ ಸಿಗುವುದಿಲ್ಲ.

ಇಲ್ಲಿಂದ ಮುಂದೆ ಏರು. ಮೊದಲ ಅರ್ಧ ಗಂಟೆ ಉಸಿರು ಬಿಗಿಯುತ್ತದೆ, ಆಮೇಲೆ ಗುಡ್ಡದ ನೆತ್ತಿ ಬಹುಪಾಲು ಸಮತಟ್ಟು. ಮರಳುಗಲ್ಲು ಆದ್ದರಿಂದ ಒಣಗಿದ್ದಾಗ ಕಾಲು ಜಾರುವುದಿಲ್ಲ. ಒರಟಾದ ಕಲ್ಲು, ಹಿಡಿತ ಚೆನ್ನಾಗಿ ಸಿಗುತ್ತದೆ. ಮಳೆ ಬಿದ್ದ ಮರುದಿನ ಮಾತ್ರ ಬೇಡ, ಪಾಚಿ ಹಿಡಿದ ಕಡೆ ಅಪಾಯ. ಬಂಡೆಯ ಅಂಚುಗಳಲ್ಲಿ ಕಲ್ಲು ಪದರು ಪದರಾಗಿ ಕಾಣುತ್ತದೆ, ಅಂಗಡಿಯ ಕಪಾಟಿನಲ್ಲಿ ಮಡಚಿಟ್ಟ ಕಣದ ಹಾಗೆ. ಕೆಂಪು, ಕಂದು, ನಡುವೆ ಒಂದು ಬಿಳಿ ಗೆರೆ. ಮರಳು ಪದರಾಗಿ ಕೂತು, ಗಟ್ಟಿಯಾಗಿ ಕಲ್ಲಾಗಿದ್ದು. ಚಾಲುಕ್ಯರ ಕೆಲಸಗಾರರು ಇಷ್ಟು ನಯವಾಗಿ ಕೆತ್ತಲು ಈ ಕಲ್ಲಿನ ಗುಣವೂ ಕಾರಣ.

ದಾರಿ ತೋರಿಸುವ ಬೋರ್ಡುಗಳನ್ನು ನಂಬಿಕೊಂಡು ಹೋಗಬೇಡಿ. ಕಾಲಿನ ಗುರುತು ನೋಡಿ ನಡೆಯಬೇಕು. ಕೆಲವು ಕಡೆ ಹಳೆಯ ಹಾಸುಗಲ್ಲು ಕಾಣುತ್ತದೆ. ಎಷ್ಟೋ ತಲೆಮಾರಿನ ಕಾಲು ಸವೆಸಿ ನುಣ್ಣಗಾಗಿದೆ. ಅದು ಕಂಡರೆ ಸರಿಯಾದ ದಾರಿ ಅಂತ ಧೈರ್ಯ. ದಾರಿ ಎರಡಾಗುವ ಕಡೆ ಒಬ್ಬ ಅಜ್ಜ ಕುರಿ ಬಿಟ್ಟುಕೊಂಡು ಕೂತಿದ್ದರು. ಕೇಳಿದ್ದಕ್ಕೆ ಎದ್ದು ಬಂದು, ನಮ್ಮ ಜೊತೆ ಒಂದಿಷ್ಟು ದೂರ ನಡೆದರು.

"ಎಡಕ್ಕ ಹೋದ್ರ ಕೊಳ್ಳಕ್ಕ ಬೀಳ್ತೀರಿ ತಂಗಿ. ಈ ಕಲ್ಲು ಹಾಸು ಬಿಡಬ್ಯಾಡ್ರಿ. ನಮ್ಮ ಅಪ್ಪಾರ ಕಾಲದಾಗ ಜಾತ್ರಿಗೆ ಮಂದಿ ಎಲ್ಲಾ ಹಿಂಗ ಹೋಗ್ತಿದ್ರು" ಅಂದರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಬುತ್ತಿಯಿಂದ ಎರಡು ಶೇಂಗಾ ಹೋಳಿಗೆ ಕೊಟ್ಟೆವು, ಅದನ್ನು ಮಾತ್ರ ತೆಗೆದುಕೊಂಡರು. ಗುಂಪಿನಲ್ಲಿ ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಬಾದಾಮಿಯಿಂದಲೇ ದಾರಿ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ಒಬ್ಬರೇ ಅಂತೂ ಹೋಗಬೇಡಿ. ಕಾಲು ಉಳುಕಿದರೆ ಕೂಗಿದರೂ ಕೇಳಿಸದಂಥ ಜಾಗಗಳಿವೆ. ಫೋನ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ.

ನೆತ್ತಿಯ ಮೇಲೆ ನೆರಳು ಕಡಿಮೆ. ಸೀತಾಫಲದ ಗಿಡ, ಕಾರೆ ಕಂಟಿ, ಅಲ್ಲಲ್ಲಿ ಬೇವು. ಬಾರಿ ಹಣ್ಣಿನ ಗಿಡಗಳು ಹುಡುಗನನ್ನು ಅರ್ಧ ಗಂಟೆ ಹಿಡಿದಿಟ್ಟವು. ಎರಡು ಕಡೆ ನವಿಲಿನ ಕೂಗು ಕೇಳಿತು. ಶೌಚಾಲಯ ಈ ಇಡೀ ದಾರಿಯಲ್ಲಿ ಇಲ್ಲ. ಹೆಣ್ಣುಮಕ್ಕಳು ಬಾದಾಮಿ ಬಸ್ ಸ್ಟ್ಯಾಂಡ್‌ನಲ್ಲೇ ಮುಗಿಸಿಕೊಂಡು ಹೊರಡಬೇಕು. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ನಮಗೆ ಇದೇ ಮೊದಲ ಪ್ರಶ್ನೆ ಅಲ್ವಾ?

ಬಟ್ಟೆಯ ವಿಷಯಕ್ಕೆ ಬಂದರೆ, ಹತ್ತಿಯ ಚೂಡಿದಾರ್ ಸಾಕು. ದುಪಟ್ಟಾ ತಲೆಗೆ ಕಟ್ಟಿಕೊಳ್ಳಲು ಬೇಕು. ವೈನಿ ಇಳಕಲ್ ಸೀರೆಯನ್ನು ಸ್ವಲ್ಪ ಎತ್ತಿ ಕಟ್ಟಿ, ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ್ದಳು. ಎಲ್ಲರಿಗಿಂತ ಮುಂದೆ ಅವಳೇ. ಹತ್ತಿಯ ಇಳಕಲ್ ಸೀರೆ ಬೆವರು ಹೀರುತ್ತದೆ, ಕಂಟಿಗೆ ಸಿಕ್ಕಿದರೂ ಬೇಗ ಹರಿಯುವುದಿಲ್ಲ. ಚಪ್ಪಲಿ ಮಾತ್ರ ಬೇಡ.

ಮಹಾಕೂಟದ ಇಳಿಜಾರು ಏರಿಗಿಂತ ಕಠಿಣ. ಮೆಟ್ಟಿಲುಗಳಿವೆ, ಆದರೆ ಒಂದೊಂದು ಒಂದೊಂದು ಎತ್ತರ. ಅಕ್ಕನ ಮೊಣಕಾಲು ನೋಯತೊಡಗಿದ್ದು ಇಲ್ಲೇ. ಒಂದು ಕೋಲು ಮುರಿದು ಕೊಟ್ಟೆವು. ಅಡ್ಡಡ್ಡ ಹೆಜ್ಜೆ ಇಡುತ್ತಾ, ಕೂತು ಎದ್ದು ಇಳಿದಳು. ಮೊಣಕಾಲು ನೋವಿದ್ದವರು ಪಟ್ಟಿ ಕಟ್ಟಿಕೊಂಡೇ ಬನ್ನಿ. ಕೆಳಗೆ ಬರುವಾಗ ಒಂದು ಹಳೆಯ ಕಲ್ಲಿನ ಬಾಗಿಲು ಸಿಗುತ್ತದೆ. ಎರಡೂ ಕಡೆ ಎಲುಬು ಎದ್ದು ಕಾಣುವ ದ್ವಾರಪಾಲಕರು, ಒಂದು ಗಂಡು, ಒಂದು ಹೆಣ್ಣು. ಈಗ ಜನ ಗಾಡಿಯಲ್ಲಿ ಇನ್ನೊಂದು ಕಡೆಯಿಂದ ಬರುತ್ತಾರೆ, ಹೀಗಾಗಿ ಈ ಬಾಗಿಲನ್ನು ನೋಡುವವರು ಕಡಿಮೆ. ನಡೆದು ಬಂದವರು ಹಿಂದಿನ ಕಾಲದವರ ಹಾಗೆ ಇದರ ಮುಂದೆಯೇ ಬರುತ್ತಾರೆ.

ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹೊಂಡ. ವಿಷ್ಣು ಪುಷ್ಕರಿಣಿ ಅಂತ ಹೆಸರು. ಗುಡ್ಡದ ಒಳಗಿನ ಊಟೆ ನೀರು ಇದಕ್ಕೆ ಸದಾ ಬರುತ್ತದೆ. ನೀರಿನ ನಡುವೆ ಸಣ್ಣ ಮಂಟಪ, ಅದರೊಳಗೆ ನಾಲ್ಕು ಮುಖದ ಲಿಂಗ. ಮೂರು ತಾಸು ಬಿಸಿಲಲ್ಲಿ ನಡೆದು ಬಂದು ಆ ತಣ್ಣನೆಯ ನೀರಿಗೆ ಕಾಲು ಬಿಟ್ಟಾಗ ಆದ ಸುಖ ಬೇರೆ. ಹುಡುಗ ಅಂಗಿ ತೆಗೆದು ಹಾರಿಯೇ ಬಿಟ್ಟ. ಬಿ.ಎಸ್ಸಿ. ಹುಡುಗಿಯೂ ಇಳಿದಳು. ಸ್ನಾನ ಮಾಡುವ ಮನಸ್ಸಿದ್ದರೆ ದೊಡ್ಡ ಟವೆಲ್, ಬೇರೆ ಬಟ್ಟೆ ತನ್ನಿ. ಈಜು ಬರದ ಮಕ್ಕಳ ಮೇಲೆ ಕಣ್ಣಿರಲಿ.

ಗುಡಿಗಳು ಸುತ್ತಲೂ ಮರದ ನೆರಳಲ್ಲಿವೆ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಎರಡೂ ದೊಡ್ಡವು, ಶಿಖರ ದ್ರಾವಿಡ ರೀತಿಯದು, ಅಂತಸ್ತು ಅಂತಸ್ತಾಗಿ ಮೇಲೇರುತ್ತದೆ. ಸಂಗಮೇಶ್ವರ ಗುಡಿಯ ಶಿಖರ ನಾಗರ ರೀತಿಯದು, ಬಾಗಿಕೊಂಡು ಮೇಲೇರುತ್ತದೆ. ಒಂದೇ ಅಂಗಳದಲ್ಲಿ ಎರಡು ಪದ್ಧತಿ. ಪಟ್ಟದಕಲ್ಲಿನಲ್ಲಿ ನೋಡುವುದನ್ನು ಚಾಲುಕ್ಯರು ಇಲ್ಲಿ ಮೊದಲೇ ಮಾಡಿ ನೋಡಿದ್ದರು.

ಆದರೆ ನನಗೆ ಹಿಡಿಸಿದ್ದು ಇಲ್ಲಿ ದಾನ ಕೊಟ್ಟ ಹೆಣ್ಣುಮಕ್ಕಳ ಕಥೆ. ಗುಡಿಯ ಕಂಬದ ಶಾಸನದಲ್ಲಿ ವಿನಾಪೋಟಿ ಅನ್ನುವವಳ ಹೆಸರಿದೆ. ವಿಜಯಾದಿತ್ಯ ರಾಜನ ಪ್ರಾಣವಲ್ಲಭೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಭೂಮಿ ಕೊಟ್ಟಳು. ರಾಣಿಯಲ್ಲ, ಆದರೂ ಹೆಸರು ಕಲ್ಲಲ್ಲಿ ಉಳಿಸಿಕೊಂಡಳು. ಅದಕ್ಕೂ ನೂರು ವರ್ಷ ಮೊದಲು ಚಾಲುಕ್ಯ ರಾಜ ಮಂಗಳೇಶ ಇಲ್ಲಿ ನಿಲ್ಲಿಸಿದ ಕಂಬದ ಶಾಸನದಲ್ಲಿ ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಹಳ್ಳಿಗಳನ್ನು ಬಿಟ್ಟುಕೊಟ್ಟ ಮಾತಿದೆ. ಆ ಕಂಬ ಈಗ ಇಲ್ಲಿಲ್ಲ. ವಿಜಯಪುರದಲ್ಲಿ ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿದೆ. ವಿಜಯಪುರದವರು ಇಲ್ಲಿಗೆ ಬರುವ ಮೊದಲು ಅದನ್ನೊಮ್ಮೆ ನೋಡಿ ಬಂದರೆ ಈ ಅಂಗಳ ಇನ್ನಷ್ಟು ಅರ್ಥ ಆಗುತ್ತದೆ.

ಊಟದ ಬಗ್ಗೆ ಎರಡು ಮಾತಲ್ಲ, ನಾಲ್ಕು ಮಾತು ಹೇಳಬೇಕು. ಬುತ್ತಿ ನಮ್ಮ ಹತ್ತಿರ ಇತ್ತು. ಆದರೆ ಗುಡಿಯ ಹೊರಗೆ ಒಬ್ಬ ಅವ್ವ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಮೆತ್ತಗಿನದೂ ಇತ್ತು, ಖಡಕ್ ಕೂಡ ಇತ್ತು. ಮಡಿಕೆ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಸಣ್ಣ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ಬನಶಂಕರಿಯಲ್ಲಿ ಇಂಥ ಊಟ ಮಾರುವ ತಾಯಂದಿರನ್ನು ಎಲ್ಲರೂ ನೋಡಿರುತ್ತಾರೆ, ಅದೇ ಪದ್ಧತಿ. ಒಬ್ಬರಿಗೆ 60 ರೂಪಾಯಿ. ಎಲೆಯ ಮೇಲೆ ಹಾಕಿ, ಖಾಲಿ ಆದ ಹಾಗೆ ಮತ್ತೆ ಹಾಕುತ್ತಿದ್ದಳು.

"ಇನ್ನೊಂದು ರೊಟ್ಟಿ ತಗೋ ಮಗಾ, ಗುಡ್ಡಾ ಇಳದ ಬಂದೀ" ಅಂತ ಹುಡುಗನಿಗೆ ಒತ್ತಾಯ ಮಾಡಿ ಬಡಿಸಿದಳು. ಗುರೆಳ್ಳು ಹುರಿದದ್ದು ಹದವಾಗಿತ್ತು, ಕಹಿ ಇರಲಿಲ್ಲ. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ ಮುಂದು, ಎಳ್ಳು ಹಿಂದು. ಮೊಸರಿಗೆ ಮಣ್ಣಿನ ತಂಪು ಇಳಿದಿತ್ತು. ಬಾಗಲಕೋಟೆಯ ಖಾನಾವಳಿಗಳಲ್ಲಿ ಚೆನ್ನಾಗಿ ಉಂಡವಳು ನಾನು. ಆದರೂ ಈ ಊಟಕ್ಕೆ ಐದಕ್ಕೆ ಐದು ಕೊಡುತ್ತೇನೆ. ದಯವಿಟ್ಟು ಇಂಥವರ ಹತ್ತಿರ ಚೌಕಾಸಿ ಮಾಡಬೇಡಿ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುಟ್ಟಿ ತಲೆ ಮೇಲೆ ಹೊತ್ತು ತಂದಿರುತ್ತಾರೆ. ಎಲೆ, ಕಾಗದವನ್ನು ಹೊಂಡದ ಹತ್ತಿರ ಬಿಸಾಡದೆ ನಿಮ್ಮ ಚೀಲದಲ್ಲೇ ವಾಪಸ್ ತನ್ನಿ.

ವಾಪಸ್ ಬರುವುದೇ ಈ ದಿನದ ಸಡಿಲ ಕೊಂಡಿ. ಮಹಾಕೂಟದ ಬಾಗಿಲಿಗೆ ಬರುವ ಬಸ್ಸನ್ನು ನಂಬಿ ಕೂರಬೇಡಿ. ಟಂಟಂ ಸಿಗುತ್ತವೆ. ನಾವು ಹತ್ತಿದ್ದು ಶೇರ್ ಟಂಟಂ. ತುಂಬುವ ತನಕ ಹೊರಡುವುದಿಲ್ಲ ಅಂದ, ಮುಕ್ಕಾಲು ಗಂಟೆ ಕಾಯಿಸಿದ. ಆಮೇಲೆ ಹಿಂದೆ ಇಬ್ಬರನ್ನು ನಿಲ್ಲಿಸಿಕೊಂಡೇ ಓಡಿಸಿದ. ಆ ತಿರುವಿನ ರಸ್ತೆಯಲ್ಲಿ ಹಾಗೆ ಜನ ತುಂಬುವುದು ಸರಿಯಲ್ಲ, ಅವನಿಗೆ ಅದನ್ನು ಹೇಳಿದೆವು ಕೂಡ. ಕಾಲಲ್ಲಿ ಶಕ್ತಿ ಉಳಿದಿದ್ದರೆ ನಂದಿಕೇಶ್ವರ ಊರಿನ ಕಡೆ ನಡೆದು ಅಲ್ಲಿ ಬಸ್ಸು ವಿಚಾರಿಸಿ. ಐದು ಜನ ಇದ್ದರೆ ಪೂರ್ತಿ ಟಂಟಂ ಮಾತಾಡಿಕೊಂಡು ಬರುವುದು ಇನ್ನೂ ಒಳ್ಳೆಯದು. ಹತ್ತುವ ಮೊದಲೇ ರೇಟ್ ಗಟ್ಟಿ ಮಾಡಿಕೊಳ್ಳಿ. ಏನೇ ಮಾಡಿ, ಮಧ್ಯಾಹ್ನ ಮೂರೂವರೆಗೆ ಮಹಾಕೂಟ ಬಿಡಿ. ಬಾದಾಮಿಗೆ ಬಂದರೆ ಆಮೇಲೆ ಚಿಂತೆ ಇಲ್ಲ. ಬಾಗಲಕೋಟೆಗೆ ಒಂದರ ಹಿಂದೆ ಒಂದು ಬಸ್ಸು ಸಿಗುತ್ತವೆ.

ಖರ್ಚಿನ ಲೆಕ್ಕ ಕೇಳುವವರಿಗೆ: ನಾಷ್ಟಾ, ನೀರು, ಊಟ, ಟಂಟಂ, ಹುಡುಗನ ಟಿಕೆಟ್ ಎಲ್ಲ ಸೇರಿ ಐದು ಜನಕ್ಕೆ 900 ರೂಪಾಯಿ ಒಳಗೆ ಮುಗಿಯಿತು. ಬಸ್ಸಿಗೆ ಪೂರ್ತಿ ಅಂಕ. ಗುಡ್ಡದ ದಾರಿಗೆ ನಾಲ್ಕೂವರೆ, ಅರ್ಧ ಕಳೆದದ್ದು ಗುರುತುಗಳಿಲ್ಲದ್ದಕ್ಕೆ. ಟಂಟಂಗೆ ಎರಡರ ಮೇಲೆ ಕೊಡಲು ಮನಸ್ಸಿಲ್ಲ. ದಾರಿ ಎರಡಾಗುವ ಜಾಗಗಳಲ್ಲಿ ಕಲ್ಲಿನ ಮೇಲೆ ಒಂದು ಬಾಣದ ಗುರುತು ಇದ್ದರೆ ಸಾಕು, ಎಷ್ಟೋ ಹೆಣ್ಣುಮಕ್ಕಳು ಧೈರ್ಯವಾಗಿ ಬರುತ್ತಾರೆ. ಗುರುತು ಹಾಕುವಾಗ ಹಳೆಯ ಕೆತ್ತನೆ, ಅಕ್ಷರ ಇರುವ ಬಂಡೆಗಳನ್ನು ಮುಟ್ಟಬಾರದು, ಅಷ್ಟೇ.

ದಸರೆಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಅದರಲ್ಲೂ ಡಿಸೆಂಬರ್, ಜನವರಿ. ಬನದ ಹುಣ್ಣಿಮೆಯ ಸುತ್ತಮುತ್ತ ಬನಶಂಕರಿ ಜಾತ್ರೆ ಇರುತ್ತದೆ. ಆಗ ಬಸ್ಸು ತುಂಬಿ ತುಳುಕುತ್ತವೆ, ಸೀಟು ಸಿಗುವುದಿಲ್ಲ. ಜಾತ್ರೆಯೂ ಬೇಕು ಅನ್ನುವವರು ಬನ್ನಿ, ಇಲ್ಲವಾದರೆ ಆ ವಾರ ಬಿಟ್ಟುಬಿಡಿ. ಮಾರ್ಚ್ ನಂತರ ಈ ಬಂಡೆಗಳ ಮೇಲೆ ಮಧ್ಯಾಹ್ನ ನಿಲ್ಲಲು ಆಗುವುದಿಲ್ಲ. ಮಳೆಗಾಲದಲ್ಲಿ ಜೋರು ಮಳೆ ಬಿದ್ದಾಗ ಕೆರೆಯ ಹತ್ತಿರ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಅದನ್ನು ಕೆಳಗೆ ನಿಂತು ನೋಡಿ, ಗುಡ್ಡ ಹತ್ತಬೇಡಿ. ಆಧಾರ್ ಕಾರ್ಡ್ ಮರೆಯಬೇಡಿ, ಫೋಟೋ ಕಾಣುವಷ್ಟು ಚೆನ್ನಾಗಿರಲಿ. ಬಸ್ಸಿನಲ್ಲಿ ಕೂರುವಾಗ ಬೆಳಗಿನ ಬಿಸಿಲು ಬೀಳದ ಕಡೆಯ ಸೀಟು ನೋಡಿಕೊಳ್ಳಿ, ಬಿಸಿಲಿಗೆ ಇಡೀ ದಿನ ಮುಂದಿದೆ.